ರೇವಮ್ಮ ಹೇಳದ ಹೆಸರು

ಹೊಳೆನರಸೀಪುರದ ನಮ್ಮ ಬೀದಿಗೆ ಪಾಲಾಕ್ಷಯ್ಯನ ಬೀದಿ ಅಂತ ಹೆಸರಿತ್ತು. ಯಾರೂ ಸಭೆ ಸೇರಿ ಇಟ್ಟದ್ದಲ್ಲ. ಪ್ಲೇಗು ಬಂದ ವರ್ಷ ನಾವೆಲ್ಲ ಊರಾಚೆ ಗುಡಿಸಲು ಹಾಕಿಕೊಂಡು ಓಡಿದಾಗ, ಬೆಲ್ಲದ ವ್ಯಾಪಾರದ ಪಾಲಾಕ್ಷಯ್ಯನವರು ಒಬ್ಬರೇ ಇಲ್ಲಿ ಉಳಿದರು. ಮಲಗಿದವರಿಗೆ ಗಂಜಿ ಕುಡಿಸಿದರು, ಸತ್ತವರನ್ನು ಹೊತ್ತರು, ಕಡೆಗೆ ತಾವೂ ಹೋದರು. ಬದುಕಿ ಬಂದವರ ಬಾಯಲ್ಲಿ ಬೀದಿ ಅವರದಾಯಿತು.

ಮಕ್ಕಳಿಲ್ಲದ ರೇವಮ್ಮನವರಿಗೆ ಗಂಡನದು ಅಂತ ಉಳಿದದ್ದು ಆ ಹೆಸರೊಂದೇ. ಅದನ್ನೂ ಅವರು ಆಡುವಂತಿರಲಿಲ್ಲ. ಗಂಡನ ಹೆಸರು ಹೇಳುವುದುಂಟೆ?

ಮೂವತ್ತೆಂಟನೇ ಇಸವಿಯಲ್ಲಿ ಮುನ್ಸಿಪಾಲ್ಟಿಯಿಂದ ಬೀದಿಗಳಿಗೆ ಬೋರ್ಡು ಬಂದವು. ಬರೆಯುವವನು ನಮ್ಮಲ್ಲಿಗೆ ಬಂದದ್ದು ಸಂತೆಯ ದಿನ. ಬೀದಿಯಲ್ಲಿ ಇದ್ದವರು ರೇವಮ್ಮ ಮಾತ್ರ.

"ಈ ಬೀದಿ ಎಸ್ರೇನವ್ವಾ?"

"ನಮ್ಮೆಜಮಾನ್ರುದು ಕಣಪ್ಪ."

"ಅವ್ರ ಎಸ್ರೇಳಿ ಮತ್ತೆ."

"ಅಯ್ಯೋ, ನಾನೆಂಗಪ್ಪ ಏಳ್ಲಿ? ಪಕ್ಕದ್ಮನೆ ರಾಮಣ್ಣ ಸಂತೆಯಿಂದ ಬತ್ತಾನೆ, ಏಳ್ತಾನೆ. ವಸಿ ಕೂತ್ಕೊ, ಮಜ್ಜಿಗೆ ಕೊಡ್ತೀನಿ."

ಮಹಾರಾಯ ಮಜ್ಜಿಗೆ ಕುಡಿದ, ಕೂರಲಿಲ್ಲ. ಬೀದಿ ಸಂತೆಮಾಳಕ್ಕೆ ಹೋಗುತ್ತದಲ್ಲ, 'ಸಂತೆ ಬೀದಿ' ಅಂತ ಗೀಚಿ ಹೊರಟುಹೋದ. ಅವನ ಕೈ ಸೇದಿಹೋಗ!

ಓದು ಬಾರದ ರೇವಮ್ಮ, ಅವನು ಯಾರನ್ನೋ ಕೇಳಿಕೊಂಡು ಗಂಡನ ಹೆಸರನ್ನೇ ಬರೆದಿದ್ದಾನೆ ಅಂದುಕೊಂಡು, ಸೋಮವಾರ ಸೋಮವಾರ ಆ ಬೋರ್ಡಿಗೆ ವಿಭೂತಿ ಹಚ್ಚಿ ಕೈಮುಗಿಯುತ್ತಿದ್ದರು. ನಿಜ ಹೇಳಲು ನಮ್ಮಲ್ಲಿ ಯಾರಿಗೂ ಬಾಯಿ ಬರಲಿಲ್ಲ. ಬೋರ್ಡು ತಿದ್ದಿಸಲು ಮುನ್ಸಿಪಾಲ್ಟಿ ಆಫೀಸಿಗೆ ಅಲೆದು ಅಲೆದು ರಾಮಣ್ಣನ ಕಾಲು ಸೋತವು. ಮುಂದಿನ ಸಲ ಬಣ್ಣ ಹೊಡೆಸುವಾಗ ನೋಡೋಣ ಅಂದರು. ಆ ಸಲ ಬರಲೇ ಇಲ್ಲ. ಬಾಡಿಗೆಗೆ ಬಂದವರು ಸಂತೆ ಬೀದಿ ಅಂದರು, ಟಪಾಲಿನವನು ಅಂದ, ಕೊನೆಗೆ ನಮ್ಮ ಬಾಯಲ್ಲೂ ಅದೇ ಬಂತು. ಎಷ್ಟು ದಿನ ಅಂತ ತಿದ್ದುವುದು? ಸಾಕಾಗಿಹೋಗಿತ್ತು.

ಯುದ್ಧದ ಕಾಲ. ಸೌದೆ ಗಾಡಿಯವನೊಬ್ಬ ರೇವಮ್ಮನ ಜಗಲಿಯ ಮುಂದೆ ಗಾಡಿ ನಿಲ್ಲಿಸಿ, "ಸಂತೆ ಬೀದಿ ಇದೇನಾ ಅಜ್ಜಿ?" ಅಂದ.

"ಅಲ್ಲ ಕಣಪ್ಪ. ಬೋರ್ಡ್ ಓದ್ಕೊ."

"ಓದ್ಕಂಡೇ ಕೇಳ್ತಿವ್ನಿ. ಸಂತೆ ಬೀದಿ ಅಂತ್ಲೇ ಬರ್ದವ್ರೆ."

ರೇವಮ್ಮ ಪಕ್ಕದ ಜಗಲಿಯಲ್ಲಿದ್ದ ರಾಮಣ್ಣನನ್ನು ನೋಡಿದರು. ರಾಮಣ್ಣ ತಲೆ ಬಗ್ಗಿಸಿದ. ಅವರು ಬಯ್ಯಲಿಲ್ಲ, ಅಳಲಿಲ್ಲ. ಸೆರಗು ಸರಿಮಾಡಿಕೊಂಡು ಎದ್ದು ನಿಂತು, ಇಡೀ ಬೀದಿಗೆ ಕೇಳುವಂತೆ ಹೇಳಿದರು:

"ಪಾಲಾಕ್ಷಯ್ಯನ ಬೀದಿ. ಇದು ಪಾಲಾಕ್ಷಯ್ಯನ ಬೀದಿ ಕಣಪ್ಪ."

ಗಾಡಿಯವನು ಎತ್ತಿನ ಹಗ್ಗ ಹಿಡಿದುಕೊಂಡೇ ಕೇಳಿದ, "ಯಾರಜ್ಜಿ ಅವ್ರು?"