ಕೂಸಿಗೆ ಬೆಟ್ಟ ತೋರಿಸಿದ ದಿನ

ಚಿಕ್ಕನಾಯಕನಹಳ್ಳಿಯಿಂದ ಕಂದಿಕೆರೆ ಕಡೆಗೆ ಹೋಗುವ ದಾರಿಯಲ್ಲಿ, ರಸ್ತೆ ಬಿಟ್ಟು ಒಂದು ಮೈಲಿ ಒಳಗೆ ಹೊಂಬಾಳಮ್ಮನ ತೋಟದ ಮನೆ. ಅಂಗಳದಲ್ಲಿ ನಿಂತು ಎತ್ತ ನೋಡಿದರೂ ತೆಂಗಿನ ಬುಡಗಳೇ ಕಾಣುತ್ತಿದ್ದವು. ಗಂಡ ತೀರಿಕೊಂಡ ಮೇಲೆ ಹದಿನೈದು ವರ್ಷ ಆ ತೋಟ ನೋಡಿಕೊಂಡವಳು ಅವಳೇ. ಅಟ್ಟದ ಮೇಲಿನ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಕೊಬ್ಬರಿಯಾಗಿದೆಯೋ ಇಲ್ಲವೋ ಹೇಳುತ್ತಿದ್ದಳು. ಬಾಣಂತನದಲ್ಲೂ ಸುತ್ತಿನವರಿಗೆ ಅವಳ ಮಾತೇ ಮಾತು. ಎಳೆಗೂಸಿಗೆ ಗಾಳಿ ಸೋಕಬಾರದು, ಬಾಗಿಲು ತೆರೆಯಬಾರದು, ಕಿವಿಗೆ ಹತ್ತಿ ಇಡುವುದನ್ನು ಬಿಡಬಾರದು. ಶೀತ ಎಂಬ ಮಾತು ಕೇಳಿದರೆ ಸಾಕು, ಅವಳ ಮುಖ ಬಿಗಿಯುತ್ತಿತ್ತು.

ಸೊಸೆ ದಾಕ್ಷಾಯಿಣಿ ಕಂದಿಕೆರೆಯವಳು. ತಾಯಿ ಇಲ್ಲದ ಹುಡುಗಿಯಾದ್ದರಿಂದ ಚೊಚ್ಚಲ ಬಾಣಂತನವೂ ಅತ್ತೆಯ ಮನೆಯಲ್ಲೇ ಆಯಿತು. ಹೆಣ್ಣುಕೂಸು. ಐದು ತಿಂಗಳು ತಾಯಿ ಮಗು ಇಬ್ಬರೂ ಅಟ್ಟದ ಕೆಳಗಿನ ಕತ್ತಲೆ ಕೋಣೆಯಲ್ಲೇ ಇದ್ದರು. ಹೊಂಬಾಳಮ್ಮ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಆದರೂ ಸೊಸೆಯ ಮಾತು ದಿನದಿನಕ್ಕೆ ಕಡಿಮೆಯಾಗುತ್ತಾ ಬಂತು. ಊಟ ಮಾಡು ಅಂದರೆ ಮಾಡುತ್ತಿದ್ದಳು, ಮಲಗು ಅಂದರೆ ಮಲಗುತ್ತಿದ್ದಳು.

ಎಪ್ಪತ್ತೆಂಟನೆಯ ಇಸವಿ, ಸಂಕ್ರಾಂತಿ ಕಳೆದು ಒಂದು ವಾರ. ಚಳಿ ಇನ್ನೂ ಬಿಟ್ಟಿರಲಿಲ್ಲ. ಬೆಳಿಗ್ಗೆ ಹೊಂಬಾಳಮ್ಮ ಸಾಂಬ್ರಾಣಿ ಹೊಗೆ ಹಾಕಲು ಕೋಣೆಗೆ ಹೋದಾಗ ಕೂಸು ಅಳುತ್ತಿತ್ತು. ದಾಕ್ಷಾಯಿಣಿ ಪಕ್ಕದಲ್ಲೇ ಕುಳಿತು ಗೋಡೆ ನೋಡುತ್ತಿದ್ದಳು. ಅಳು ಅವಳಿಗೆ ಕೇಳಿಸಿದಂತೆಯೇ ಇರಲಿಲ್ಲ.

“ಏನವ್ವ, ಏನಾಯ್ತು?”

ಗೋಡೆಯಿಂದ ಕಣ್ಣು ತೆಗೆಯದೆ ಸೊಸೆ ಅಂದಳು: “ಏನಿಲ್ಲ ಅತ್ತೆ. ನಮ್ಮೂರಲ್ಲಿ ಬಾಗ್ಲು ತಗುದ್ರೆ ಬೆಟ್ಟ ಕಾಣ್ತಿತ್ತು. ಅದು ಹೆಂಗಿತ್ತು ಅಂತ ನೆಪ್ಪು ಮಾಡ್ಕತಿದ್ದೆ. ನೆಪ್ಪಾಗ್ತಾ ಇಲ್ಲ.”

ಹೊಂಬಾಳಮ್ಮ ಹೊಗೆಯ ಚಿಪ್ಪನ್ನು ಕೆಳಗಿಟ್ಟಳು. ಬಾಗಿಲಿಗೆ ಬಂದು ಕೊಟ್ಟಿಗೆಯಲ್ಲಿದ್ದ ಮಗನನ್ನು ಕೂಗಿದಳು.

“ಲೇ ತೋಂಟದಾರ್ಯ, ಗಾಡಿ ಕಟ್ಲಾ. ಬೆಟ್ಟಕ್ಕೆ ಹೋಗ್ಬರಾನ.”

“ಯಾರು?”

“ಎಲ್ರೂವೆ. ಕೂಸೂ ಬತ್ತದೆ.”

“ಈ ಚಳೀಲಾ? ನಿಂಗೇನಾರಾ ಆಗೈತೇನವ್ವ?”

“ಕಟ್ಟು ಅಂದ್ನಲ್ಲ, ಕಟ್ಟು.”

ತೋಂಟದಾರ್ಯ ಎದುರು ಮಾತಾಡುವ ಮಗನಲ್ಲ. ಕಮಾನು ಗಾಡಿಗೆ ಹುಲ್ಲು ಹಾಸಿ ಎತ್ತು ಕಟ್ಟಿದ. ನಾಲ್ಕು ರೊಟ್ಟಿ, ಹುಚ್ಚೆಳ್ಳು ಚಟ್ನಿ ಗಂಟು ಕಟ್ಟುವಷ್ಟರಲ್ಲಿ ಹೊಂಬಾಳಮ್ಮ ಕೂಸಿಗೆ ಎರಡು ಅಂಗಿ, ಕುಲಾವಿ, ಅದರ ಮೇಲೆ ತನ್ನ ಹಳೆಯ ಸೀರೆಯ ಎರಡು ಸುತ್ತು, ಮೇಲೊಂದು ದುಪ್ಪಟಿ ಸುತ್ತಿದ್ದಳು. ಮೂಗು, ಕಣ್ಣು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ತೋಟದ ಸಾಲು ಮುಗಿದು ರಾಗಿ ಕೊಯ್ದ ಬಯಲಿಗೆ ಗಾಡಿ ಬಂದಾಗ ಮಂಜು ಕರಗುತ್ತಿತ್ತು. ದಾಕ್ಷಾಯಿಣಿ ಕಮಾನಿನ ಬಾಯಿಗೆ ಸರಿದು ಕುಳಿತಳು. ಅವಳ ಕತ್ತು ಆ ಕಡೆ ಈ ಕಡೆ ತಿರುಗುತ್ತಿತ್ತು. ಹೊಂಬಾಳಮ್ಮ ಅದನ್ನೇ ನೋಡುತ್ತಿದ್ದಳು.

ಬೆಟ್ಟದ ಬುಡದಲ್ಲಿ ಗಾಡಿ ನಿಲ್ಲಿಸಿ ಅರ್ಧ ದಾರಿಯಷ್ಟು ಹತ್ತಿದರು. ತಿರುವಿನಲ್ಲಿ ಗಾಳಿ ಒಮ್ಮೆಲೇ ಬೀಸಿತು. ಅದುವರೆಗೆ ನಿದ್ದೆಯಲ್ಲಿದ್ದ ಕೂಸು ಕಿರುಚತೊಡಗಿತು. ಹೊಂಬಾಳಮ್ಮ ಬಟ್ಟೆಯೊಳಗೆ ಕೈ ಹಾಕಿ ಪುಟ್ಟ ಪಾದ ಮುಟ್ಟಿದಳು. ಮಂಜಿನ ಹಾಗೆ ತಣ್ಣಗಿತ್ತು. ತುಟಿ ನೀಲಿಗಟ್ಟಿದಂತೆ ಕಂಡಿತು. ಅವಳು ಮತ್ತೊಂದು ಸುತ್ತು ಸೆರಗು ಸುತ್ತಿದಳು. ಅಳು ಹೆಚ್ಚಾಯಿತು. ಊರಿನ ಕೂಸುಗಳಿಗೆಲ್ಲ ಮದ್ದು ಹೇಳುತ್ತಿದ್ದವಳಿಗೆ ಮುಂದೇನು ಮಾಡಬೇಕೆಂದು ತೋಚಲಿಲ್ಲ.

“ಬ್ಯಾಡ ಅಂದೆ, ಕೇಳ್ದಾ ನೀನು?” ಎಂದ ತೋಂಟದಾರ್ಯ.

ಪಕ್ಕದ ಬಂಡೆಯ ಮರೆಯಿಂದ ಒಬ್ಬಳು ಹೆಂಗಸು ಎದ್ದು ಬಂದಳು. ಕುರಿ ಕಾಯುವ ಭೈರಮ್ಮ. ಬಂಡೆಯ ಹಿಂದೆ ಅವಳ ಸಣ್ಣ ಬೆಂಕಿ ಉರಿಯುತ್ತಿತ್ತು.

“ಇಲ್ಲಿ ಬನ್ರವ್ವ, ಗಾಳಿ ತಾಕಲ್ಲ,” ಎಂದು ಕೂಸನ್ನು ಕೈಗೆ ತೆಗೆದುಕೊಂಡಳು. ಒಂದೊಂದೇ ಸುತ್ತು ಬಿಚ್ಚಿದಳು.

“ಅಯ್ಯೋ, ಬಿಚ್ಚಬ್ಯಾಡ ಕಣೇ!” ಎಂದಳು ಹೊಂಬಾಳಮ್ಮ.

“ನೋಡಿ ಇಲ್ಲಿ. ಒಳ್ಗೆಲ್ಲ ಒದ್ದೆ. ಯಾವಾಗ್ಲೋ ಉಚ್ಚೆ ಹೊಯ್ಕಂಡದೆ. ಒದ್ದೆ ಮ್ಯಾಲೆ ಹತ್ತು ಬಟ್ಟೆ ಸುತ್ತುದ್ರೆ ಬೆಚ್ಚಗಾದದಾ?” ಅವಳು ಕೂಸಿನ ಮೈಯನ್ನು ಒಣಬಟ್ಟೆಯಲ್ಲಿ ಒರೆಸಿ ದಾಕ್ಷಾಯಿಣಿಯ ಕಡೆ ತಿರುಗಿದಳು. “ತಗೋ ಮಗ, ರವಿಕೆ ಸಡಿಲ ಮಾಡ್ಕೊಂಡು ಎದೆಗೆ ಮೈಗೆ ಅಂಟುಸ್ಕೋ. ಅಣ್ಣಾ, ನೀವು ಅತ್ತಾಗೆ ಎತ್ತು ನೋಡೋಗಿ.”

ತೋಂಟದಾರ್ಯ ಕೆಳಗಿಳಿದ. ಭೈರಮ್ಮ ತನ್ನ ಕಂಬಳಿಯನ್ನು ತಾಯಿ ಮಗುವಿನ ಮೇಲೆ ಹೊದಿಸಿದಳು. ಸ್ವಲ್ಪ ಹೊತ್ತಿಗೆ ಅಳು ಬಿಕ್ಕಳಿಕೆಯಾಯಿತು, ಆಮೇಲೆ ಹಾಲು ಕುಡಿಯುವ ಸದ್ದು ಮಾತ್ರ ಕೇಳಿಸಿತು. ದಾಕ್ಷಾಯಿಣಿ ಕಂಬಳಿಯೊಳಗೆ ಇಣುಕಿ ಮಗಳ ಮುಖವನ್ನು ನೋಡಿದಳು. ಬೆಳಕಿನಲ್ಲಿ ಆ ಮುಖವನ್ನು ಅಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು.

“ಅತ್ತೆ, ಇವಳ ರೆಪ್ಪೆ ಕೆಂಚಗವೆ, ನೋಡಿದ್ರಾ?” ಎಂದಳು. ಆಮೇಲೆ ಕಣಿವೆಯ ಆಚೆ ಕೈ ತೋರಿಸಿದಳು. “ಅಗಾ, ಅಲ್ಲಿ ನೀರು ಹೊಳೀತದಲ್ಲ, ಅದೇ ನಮ್ಮೂರ ಕೆರೆ.” ತಿಂಗಳುಗಳಲ್ಲಿ ತಾನಾಗಿಯೇ ಅವಳು ಆಡಿದ ಅಷ್ಟು ಉದ್ದದ ಮಾತು ಅದೇ.

ಹೊಂಬಾಳಮ್ಮ ಬೆಂಕಿಯ ಪಕ್ಕ ಕುಸಿದು ಕುಳಿತಳು. ಕಣ್ಣೀರು ಒರೆಸಿಕೊಳ್ಳಲಿಲ್ಲ.

“ನನ್ನ ಮೊದಲ್ನೇ ಕೂಸು, ಗಂಡು, ಬಿಸ್ಲು ಅನ್ನೋದ್ನೇ ಕಾಣ್ಲಿಲ್ಲ ಕಣವ್ವ. ಅದೇ ಕೋಣೇಲಿ ಆರು ತಿಂಗ್ಳು ಇತ್ತು. ಶೀತ ಆಗ್ತದೆ ಅಂತ ನಮ್ಮತ್ತೆ ಬಾಗ್ಲು ತಗೀಲಿಲ್ಲ, ನಾನೂ ತಗೀಲಿಲ್ಲ. ಅದು ಹೊಸ್ಲು ದಾಟಿದ್ದು ಒಂದೇ ಸಲ. ಅವತ್ತು ಅದ್ರ ಮೈಯಾಗೆ ಜೀವ ಇರ್ಲಿಲ್ಲ.”

ದಾಕ್ಷಾಯಿಣಿ ಕಂಬಳಿಯೊಳಗಿಂದ ಒಂದು ಕೈ ಚಾಚಿ ಅತ್ತೆಯ ಮೊಣಕಾಲಿನ ಮೇಲಿಟ್ಟಳು. ಭೈರಮ್ಮ ಬೆಂಕಿಗೆ ಎರಡು ಕಡ್ಡಿ ಹಾಕಿ, ಕುರಿ ನೋಡುವ ನೆಪದಲ್ಲಿ ಎದ್ದು ಹೋದಳು.

ತೋಂಟದಾರ್ಯ, ಭೈರಮ್ಮ ಮರಳಿ ಬಂದ ಮೇಲೆ ರೊಟ್ಟಿಯನ್ನು ನಾಲ್ವರೂ ಹಂಚಿಕೊಂಡು ತಿಂದರು. ಮಧ್ಯಾಹ್ನದ ಬಿಸಿಲಿರುವಾಗಲೇ ಹೊರಟರು. ದಾರಿಯಲ್ಲಿ ದಾಕ್ಷಾಯಿಣಿ ಗಂಡನಿಗೆ ಅತ್ತೆ ಬೆಟ್ಟದ ಮೇಲೆ ಆಡಿದ ಮಾತನ್ನು ಹೇಳಿದಳು. ತೋಂಟದಾರ್ಯ ಹಗ್ಗ ಹಿಡಿದವನು ಹಿಂದಿರುಗಿ ನೋಡದೆ ಕೇಳಿದ: “ನಂಗೊಬ್ಬ ಅಣ್ಣ ಇದ್ದ ಅಂತ ಒಂದಿನಾನೂ ಹೇಳ್ಲಿಲ್ವಲ್ಲವ್ವ?”

“ಹೇಳಕ್ಕೆ ಬಾಯಿ ಬರ್ಲಿಲ್ಲ ಕಣಪ್ಪ.”

“ಹೆಸ್ರು ಇಟ್ಟಿದ್ರಾ?”

“ಸದಾಶಿವ ಅಂತ.”

ಅವನು ಗಾಡಿಯಿಂದ ಇಳಿದು, ಮನೆ ಬರುವವರೆಗೂ ಎತ್ತುಗಳ ಮುಂದೆ ನಡೆದ.

ಕೂಸಿಗೆ ಮಾರನೆಯ ದಿನ ನೆಗಡಿಯಾಯಿತು. ಸುದ್ದಿ ಕೇಳಿ ಪಕ್ಕದ ತೋಟದ ಹೆಂಗಸರು ಬಂದು, ಹೊಂಬಾಳಮ್ಮನೇ ಹೀಗೆ ಮಾಡಿದಳೇ ಎಂದು ಬಾಯಿ ಮೇಲೆ ಕೈಯಿಟ್ಟುಕೊಂಡರು. ಹೊಂಬಾಳಮ್ಮನಿಗೆ ಎರಡು ದಿನ ಊಟ ಸೇರಲಿಲ್ಲ, ಗಳಿಗೆಗೊಮ್ಮೆ ಕೂಸಿನ ಹಣೆ ಮುಟ್ಟುತ್ತಿದ್ದಳು. ಮೂರನೆಯ ದಿನಕ್ಕೆ ನೆಗಡಿ ಇಳಿಯಿತು.

“ಹೋಗ್ಬಾರ್ದಿತ್ತು ಅನ್ಸತದಾ ಅತ್ತೆ?” ಎಂದು ದಾಕ್ಷಾಯಿಣಿ ಕೇಳಿದಳು.

ಹೊಂಬಾಳಮ್ಮ ಯೋಚಿಸಿ ಹೇಳಿದಳು: “ಒದ್ದೆ ಆಗೈತಾ ಅಂತ ನೋಡ್ಬೇಕಿತ್ತು. ಅದು ನನ್ ತಪ್ಪು. ಹೋಗಿದ್ದು ತಪ್ಪಲ್ಲ ಬುಡು.”

ಎಂದವಳು ಕೂಸನ್ನು ಎತ್ತಿಕೊಂಡು, ಹಾಲು ಕರೆಯುವ ಹಸುವನ್ನು ತೋರಿಸಲು ಕೊಟ್ಟಿಗೆಯ ಕಡೆ ನಡೆದಳು.