ಗೋಡಲೀವಳ ಟೋಪಿ

ಆಲ್ಸ್ಟ್‌ನಿಂದ ಬ್ರಸೆಲ್ಸ್‌ಗೆ ಹೋಗುವ ರೈಲಿನಲ್ಲಿ ಮೂವತ್ತೆಂಟು ವರ್ಷ ಟಿಕೆಟ್ ನೋಡಿದ ಗೋಡಲೀವ ಯಾರಿಗೂ ಹೆದರಿದವಳಲ್ಲ. ಅವಳಿಗಿದ್ದದ್ದು ಒಂದೇ ಚಿಂತೆ. ಗಂಡ ಫರ್ಮಿನ್‌ನಿಗೆ ಮರೆವು ಹೆಚ್ಚುತ್ತಿತ್ತು. ಅವನು ಹೆಂಡತಿಯನ್ನೇ ಮರೆಯುವ ಮೊದಲು ನಿವೃತ್ತಳಾಗಿ ಮನೆ ಸೇರಬೇಕು.

ಮಾರ್ಚ್ ಕೊನೆಗೆ ನಿವೃತ್ತಿಯೆಂದು ಪತ್ರ ಬಂತು. ನಮ್ಮಲ್ಲಿ ಹೋಗುವವರೇ ಉಳಿದವರಿಗೆ ತಿನ್ನಿಸಬೇಕು. ಅಕ್ಕಿ ಪಾಯಸದ ಹೂರಣವಿಟ್ಟ ಟಾರ್ಟ್ ಬೇಯಿಸಿ ತಂದಳು. ವಾಡಿಕೆಯಂತೆ ತನ್ನ ಸಮವಸ್ತ್ರದ ಟೋಪಿಯನ್ನು ಜೊತೆಗೆ ಕೆಲಸ ಮಾಡುವ ನನಗೆ ಕೊಟ್ಟಳು.

ಅದೇ ವಾರ ನಮ್ಮ ಐದು ಪಕ್ಷಗಳ ಸರ್ಕಾರ ಬಜೆಟ್‌ಗೆ ಕೂತಿತು. ಪಿಂಚಣಿಯನ್ನು ಒಂದು ವರ್ಷ ಮುಂದೂಡಿ ಎಂದಿತು ಒಂದು ಪಕ್ಷ; ಅದನ್ನು ಮುಟ್ಟಿದರೆ ಸರ್ಕಾರವನ್ನೇ ಬಿಡುತ್ತೇವೆ ಎಂದಿತು ಇನ್ನೊಂದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಒಪ್ಪಂದವಾಗುವ ತನಕ ಕೆಲಸ ಮುಂದುವರಿಸಿ ಎಂದು ಗೋಡಲೀವಳಿಗೆ ಎರಡನೇ ಪತ್ರ ಬಂತು.

"ವೀರ್ಲೆ, ಟೋಪಿ ಕೊಡೇ," ಎಂದಳು.

"ನಿನ್ ಟಾರ್ಟ್ ಅರಗೇ ಹೋಯ್ತಲ್ಲಕ್ಕ."

"ಅದನ್ನ ಮಂತ್ರಿಗಳ ಹತ್ರ ವಸೂಲಿ ಮಾಡ್ಕೋತೀನಿ ಬಿಡು."

ಜೂನ್‌ನಲ್ಲಿ ಒಪ್ಪಂದವಾಯಿತೆಂದು ರೇಡಿಯೊ ಹೇಳಿತು. ಮತ್ತೆ ಟಾರ್ಟ್, ಮತ್ತೆ ಟೋಪಿ. ನಾವಿನ್ನೂ ಕೈ ತೊಳೆದಿರಲಿಲ್ಲ, ಒಂದು ಪಕ್ಷ ಸಹಿ ಹಾಕದೆ ಎದ್ದು ಹೋಯಿತು. ಹೋಗಬೇಕೋ ಇರಬೇಕೋ ಎಂದು ಗೋಡಲೀವ ಕಚೇರಿಗೆ ಫೋನ್ ಮಾಡಿದಳು. "ನಮಗೂ ಗೊತ್ತಿಲ್ಲಮ್ಮ, ನಿಮಗೇನಾದ್ರೂ ತಿಳಿದ್ರೆ ನಮಗೂ ಹೇಳಿ," ಎಂದರಂತೆ.

"ನಾಳೆಯಿಂದ ಮನೇಲೇ ಇರ್ತೀನಿ ಅಂತ ಫರ್ಮಿನ್‌ಗೆ ಎರಡು ಸಲ ಹೇಳ್ದೆ ಕಣೇ. ಎರಡು ಸಲಾನೂ ಸುಳ್ಳಿ ಆದೆ," ಎಂದು ಪ್ಲಾಟ್‌ಫಾರ್ಮಿನಲ್ಲೇ ಅತ್ತಳು. ನನಗಂತೂ ಆ ಐದೂ ಪಕ್ಷದವರನ್ನು ಹೀಟರ್ ಕೆಟ್ಟ ಬೋಗಿಯಲ್ಲಿ ಕೂಡಿಹಾಕುವಷ್ಟು ಸಿಟ್ಟು ಬಂತು.

ಅಕ್ಟೋಬರ್‌ನಲ್ಲಿ ಐವರೂ ಸಹಿ ಹಾಕಿದರು. ಅವಳಿಗೆ ಒಂದು ವರ್ಷದ ಮುಂದೂಡಿಕೆ ತಪ್ಪಿತು. ಮೂರನೇ ಟಾರ್ಟ್ ಬಂತು. ನಿವೃತ್ತಿಯ ಕಾಗದ ಕಣ್ಣಾರೆ ನೋಡುವ ತನಕ ಯಾರೂ ಬಾಯಿಗಿಡಲಿಲ್ಲ. ಅವಳು ಟೋಪಿ ಕೊಟ್ಟು ಹೋದಳು.

ಹತ್ತು ದಿನಕ್ಕೆ ಮತ್ತೆ ಸ್ಟೇಷನ್ನಿಗೆ ಬಂದಳು.

"ಟೋಪಿ ಕೊಡೇ."

"ಅಯ್ಯೋ, ಮತ್ತೆ ಬದಲಾಯಿಸಿದ್ರಾ?"

"ಇಲ್ಲ, ಸರ್ಕಾರ ನೆಟ್ಟಗಿದೆ. ಇವ್ನೇ ನನ್ನ ಯಾರೋ ಆರೈಕೆಗೆ ಬಂದೋಳು ಅಂದ್ಕೊಂಡಿದಾನೆ. 'ನನ್ ಹೆಂಡ್ತಿ ರೈಲಲ್ಲಿದಾಳೆ, ಮೂರೂವರೆಗೆ ಬರ್ತಾಳೆ, ಕೂತಿರಿ' ಅಂತಾನೆ."

ಟೋಪಿ ತೆಗೆದು ಕೊಟ್ಟೆ. ಈಗ ದಿನಾ ಮೂರೂವರೆಗೆ ಅವಳು ಮನೆಯ ಹಿತ್ತಲ ಬಾಗಿಲಿನಿಂದ ಹೊರಗೆ ಬಂದು, ತಲೆಗೆ ಟೋಪಿ ಇಟ್ಟುಕೊಂಡು, ಮುಂಬಾಗಿಲಿನ ಗಂಟೆ ಒತ್ತುತ್ತಾಳೆ.