ಅವ್ವ ಹಾಲೆರೆದ ಹಾವು

ಬೂದಿಗೆರೆ ಚಿಕ್ಕಮ್ಮನ ಮನೆ ಟಿವಿಯಲ್ಲಿ ಇವತ್ತು ಆ ಹಳೇ ಸಿನಿಮಾನ ನಾನೇ ಹಾಕ್ದೆ. ಬೇಕಂತಲೇ.

ಚಿಕ್ಕಂದಿನಲ್ಲಿ ಅದನ್ನ ತೂಬಗೆರೆ ಟೆಂಟ್ ಸಿನಿಮಾದ ಮರಳಲ್ಲಿ, ಅವ್ವನ ತೊಡೆ ಮೇಲೆ ಕೂತು ನೋಡಿದ್ದೆ. ಪರದೆ ತುಂಬಾ ಹಾವು ಹೆಡೆ ಎತ್ತಿದಾಗ ಅವ್ವ ಕೆನ್ನೆ ಬಡ್ಕೊಂಡು, "ತಪ್ಪಾಯ್ತಪ್ಪಾ, ನಾಳೆನೇ ಹುತ್ತಕ್ಕೆ ಹಾಲೆರೀತೀನಿ" ಅಂದಿದ್ಳು. ಎರೆದೂ ಬಂದ್ಳು. ಟೌನಲ್ಲಿ ಓದಿದ್ದ ಚಿಕ್ಕಮ್ಮ, "ನಮ್ಮಕ್ಕ ಕಂಪ್ಯೂಟರ್ ಹಾವಿಗೆ ಹಾಲೆರೆದ್ಳು" ಅಂತ ಕಂಡಕಂಡ ಮದುವೇಲೆಲ್ಲ ಹೇಳಿ ನಗಿಸ್ತಿದ್ಳು. ಕೊನೆಕೊನೆಗೆ ಅವ್ವ ಮದುವೆಗಳಿಗೆ ಹೋಗೋದನ್ನೇ ಬಿಟ್ಳು.

ಇವತ್ತು ಅದೇ ಹಾವು ಹೆಡೆ ಎತ್ತಿತು. ಇಷ್ಟು ವರ್ಷ ಆದ್ರೂ ಒಂಚೂರೂ ಮಾಸಿಲ್ಲ. ಚಿಕ್ಕಮ್ಮ "ಅಯ್ಯಯ್ಯಪ್ಪಾ" ಅಂತ ಎರಡೂ ಕಾಲು ಸೋಫಾ ಮೇಲೆ ಎತ್ಕೊಂಡ್ಳು.

"ಕಂಪ್ಯೂಟರ್ ಹಾವು ಚಿಕ್ಕಮ್ಮ, ಕಚ್ಚಲ್ಲ" ಅಂದೆ.

ಬರೋ ತಿಂಗಳು ನನ್ನ ಮದುವೆ, ನೆಂಟರೆಲ್ಲ ಬರ್ತಾರೆ. ಚಿಕ್ಕಮ್ಮ ಕಾಲೆತ್ಕೊಂಡ ವಿಡಿಯೋ ನನ್ನ ಫೋನಲ್ಲಿದೆ.